ಹಳೆಯ ಫಿಲ್ಲಿಂಗ್ ಮೇಲೆ ಹೊಸದನ್ನು ಹಾಕಿಸಿಕೊಳ್ಳುವ ಮುನ್ನ

ಆರು ವರ್ಷಗಳ ಹಿಂದೆ ಮೇಲಿನ ಮುಂಭಾಗದ ಹಲ್ಲಿಗೆ ಹಾಕಿಸಿದ್ದ ಬಿಳಿ ಕಾಂಪೋಸಿಟ್ (ರಾಳ ಮತ್ತು ಗಾಜಿನ ಕಣಗಳ ಮಿಶ್ರಣ) ಫಿಲ್ಲಿಂಗ್‌ನ ಅಂಚು ಹೋದ ವರ್ಷ ಯುಗಾದಿಯ ಹೊತ್ತಿಗೆ ಮುರಿಯಿತು. ದಾವಣಗೆರೆಯ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಹಳೆಯದನ್ನು ಸ್ವಲ್ಪವೂ ಕೊರೆಯದೆ, ನೀರಿನಲ್ಲಿ ತೊಳೆದು, ಗಾಳಿ ಊದಿ, ಅಂಟುದ್ರವ ಸವರಿ, ಮೇಲೆ ಹೊಸ ಕಾಂಪೋಸಿಟ್ ಮೆತ್ತಿ, ಅದನ್ನು ಗಟ್ಟಿಯಾಗಿಸುವ ನೀಲಿ ದೀಪ ಹಿಡಿದು ಹತ್ತೇ ನಿಮಿಷದಲ್ಲಿ ಕಳುಹಿಸಿದರು. ಹದಿನೆಂಟನೆಯ ದಿನ ಮಂಡಕ್ಕಿ ತಿನ್ನುವಾಗ ಅದು ಇಡಿಯಾಗಿ ಕಳಚಿ ಬಂತು. ಅಲ್ಲಿಯೇ ಮತ್ತೆ ಹಾಕಿಸಿದೆ. ಎರಡನೆಯದು ಒಂದು ತಿಂಗಳೂ ನಿಲ್ಲಲಿಲ್ಲ. ಗಟ್ಟಿ ಪದಾರ್ಥ ಕಚ್ಚಿರಬೇಕು ಎಂದು ಅವರು ಹೇಳಿದ್ದನ್ನು ನಾನು ನಂಬಿದ್ದೆ.

ಕಳಚಿದ ಚೂರನ್ನು ಎಸೆಯದೆ ಇಟ್ಟುಕೊಂಡದ್ದು ಉಪಯೋಗಕ್ಕೆ ಬಂತು. ಬೇರೊಬ್ಬ ದಂತವೈದ್ಯೆ ಅದರ ಅಡಿಭಾಗವನ್ನು ಭೂತಗನ್ನಡಿಯಲ್ಲಿ ತೋರಿಸಿದರು. ಅದು ಗಾಜಿನಂತೆ ನುಣುಪಾಗಿತ್ತು. ಬೆಸುಗೆ ಸರಿಯಾಗಿ ಹಿಡಿದಿದ್ದರೆ ಮುರಿತವು ಕಾಂಪೋಸಿಟ್‌ನ ಒಡಲಲ್ಲೇ ಆಗಿ, ಒಂದರ ತುಣುಕು ಇನ್ನೊಂದಕ್ಕೆ ಅಂಟಿಕೊಂಡೇ ಉಳಿಯುತ್ತಿತ್ತು ಎಂದರು. ಹೊಸದಾಗಿ ದೀಪ ಹಿಡಿದ ಕಾಂಪೋಸಿಟ್‌ನ ಮೇಲೆ, ಗಾಳಿಯ ಆಮ್ಲಜನಕದ ದೆಸೆಯಿಂದ ಪೂರ್ತಿ ಗಟ್ಟಿಯಾಗದ ತೆಳು ಪೊರೆ ಇರುತ್ತದೆ, ಮುಂದಿನ ಪದರ ಅದರೊಡನೆ ರಾಸಾಯನಿಕವಾಗಿ ಬೆಸೆಯುತ್ತದೆ. ಪಾಲಿಶ್ ಆಗಿ, ವರ್ಷಗಟ್ಟಲೆ ಬಾಯಲ್ಲಿದ್ದ ಫಿಲ್ಲಿಂಗ್‌ನಲ್ಲಿ ಆ ಪೊರೆ ಇರುವುದಿಲ್ಲ. ಹೊಸದರೊಡನೆ ಕೂಡಬಲ್ಲ ಕೊಂಡಿಗಳೂ ಕಡಿಮೆಯಾಗಿರುತ್ತವೆ. ಆದ್ದರಿಂದ ಮೇಲ್ಮೈಯನ್ನು ವಜ್ರದ ಬರ್‌ (ಕೊರೆಯುವ ಮೊನೆ) ನಿಂದಲೋ, ಸುಮಾರು 50 ಮೈಕ್ರಾನ್ ಗಾತ್ರದ ಅಲ್ಯೂಮಿನಾ ಪುಡಿಯನ್ನು ರಭಸದಿಂದ ಹೊಡೆದೋ ಒರಟು ಮಾಡಬೇಕು. ಶೇಕಡ 37ರ ಫಾಸ್ಫರಿಕ್ ಆಮ್ಲ ಹಲ್ಲಿನ ಹೊರಕವಚವಾದ ಎನಾಮಲ್‌ನಲ್ಲಿ ಸೂಕ್ಷ್ಮ ರಂಧ್ರಗಳನ್ನು ಮಾಡುತ್ತದೆ, ಆದರೆ ಹಳೆಯ ಕಾಂಪೋಸಿಟ್ಟನ್ನು ಬಹುಮಟ್ಟಿಗೆ ಶುಚಿಗೊಳಿಸುತ್ತದೆ, ಅಷ್ಟೆ. ಆಮೇಲೆ ಹಳೆಯ ಕಾಂಪೋಸಿಟ್‌ನಲ್ಲಿರುವ ಗಾಜಿನ ಕಣಗಳನ್ನು ಹಿಡಿಯುವ ಸಿಲೇನ್ ಎಂಬ ದ್ರವ, ಅದರ ಮೇಲೆ ಬಾಂಡಿಂಗ್ ದ್ರವ, ಅಂದರೆ ಅಂಟುದ್ರವ, ಹಚ್ಚಬೇಕು. ಇಷ್ಟು ಮಾಡುವಾಗ ಎಂಜಲು ಸೋಕಿದರೆ ಕೆಲಸ ಕೆಡುತ್ತದೆ. ಆ ವೈದ್ಯೆ ಹಲ್ಲಿನ ಸುತ್ತ ಎಂಜಲನ್ನು ತಡೆಯುವ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಕಟ್ಟಿ, ಮುಕ್ಕಾಲು ಗಂಟೆ ಹಿಡಿದು ಮಾಡಿದ್ದು ಎಂಟು ತಿಂಗಳಾದರೂ ಅಲುಗಿಲ್ಲ.

ಯಾರೇ ಆಗಲಿ, ರಿಪೇರಿಗೆ ಒಪ್ಪುವ ಮುನ್ನ ಹಳೆಯ ಮೇಲ್ಮೈಯನ್ನು ಒರಟು ಮಾಡುತ್ತೀರಾ, ಸಿಲೇನ್ ಹಚ್ಚುತ್ತೀರಾ, ಹಲ್ಲನ್ನು ಒಣಗಿದಂತೆ ಹೇಗೆ ಇಡುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಬೇಕು. ಕಳಚಿದ ಚೂರನ್ನು ಜೊತೆಗೆ ಒಯ್ಯಬೇಕು. ಜಿರ್ಕೋನಿಯಾ ಎಂಬ ಗಟ್ಟಿ ಸೆರಾಮಿಕ್‌ನ ಕ್ಯಾಪ್ ಆದರೆ ವಿಧಾನವೇ ಬೇರೆ: ಪಿಂಗಾಣಿಯನ್ನು ಒರಟಾಗಿಸುವ ಹೈಡ್ರೋಫ್ಲೋರಿಕ್ ಆಮ್ಲ ಗಾಜಿನಂಶವಿಲ್ಲದ ಜಿರ್ಕೋನಿಯಾಕ್ಕೆ ನಾಟುವುದಿಲ್ಲ.

ಜಗಳೂರಿನ ಕಡೆ ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರು ಕುಡಿದು ಬೆಳೆದು, ಹಲ್ಲಿನ ಮೇಲೆ ಕಂದು ಕಲೆ ಉಳಿದವರು ಆ ವಿಷಯವನ್ನು ಕುರ್ಚಿಯಲ್ಲಿ ಕೂರುವ ಮೊದಲೇ ತಿಳಿಸಬೇಕು. ಅಂಥ ಎನಾಮಲ್‌ನ ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲವಾದ್ದರಿಂದ ವೈದ್ಯರು ಅದನ್ನು ತುಸು ಉಜ್ಜಬೇಕಾಗಬಹುದು, ಇಲ್ಲವೇ ಆಮ್ಲವನ್ನು ಹೆಚ್ಚು ಹೊತ್ತು ಇಡಬೇಕಾಗಬಹುದು.