ಶುಗರ್ ತೋರಿಸುವ ವಾಚು: ಟೈಮ್ ನೋಡೋಕೆ ಸಾಕು

ತುಮಕೂರಿನ ಮೊಬೈಲ್ ಅಂಗಡಿಗಳಲ್ಲಿ ಬಿಪಿ, ಶುಗರ್ ಎರಡನ್ನೂ ತೋರಿಸುತ್ತದೆಂದು ಮಾರುವ ಅಗ್ಗದ ವಾಚಿದು. ಹಿಂಬದಿಯಲ್ಲಿರುವುದು ಹಸಿರು ದೀಪ, ಒಂದು ಬೆಳಕಿನ ಸೆನ್ಸರ್, ಅಷ್ಟೇ. ಚರ್ಮದಡಿ ರಕ್ತದ ಏರಿಳಿತ ನೋಡಿ ನಾಡಿ ಎಣಿಸುತ್ತದೆ. ಸುಮ್ಮನೆ ಕೂತಾಗ ನಾಡಿ ಪರವಾಗಿಲ್ಲ. ಪಟ್ಟಿ ಸಡಿಲವಿದ್ದರೆ, ಕೈ ಆಡಿಸಿದರೆ ಲೆಕ್ಕ ತಪ್ಪುತ್ತದೆ. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಕಟ್ಟಿ.

ಬಿಪಿ ಬರೀ ಅಂದಾಜು. ಅನುಮಾನವಿದ್ದರೆ ಬಾಳೆಹಣ್ಣಿಗೆ ಸುತ್ತಿ ನೋಡಿ. ಅದಕ್ಕೂ ಬಿಪಿ ಬಂದರೆ ಅಂಗಡಿಯವರಿಗೇ ತೋರಿಸಿ! ಶುಗರ್ ಅಂಕಿಯನ್ನಂತೂ ನಂಬಲೇಬೇಡಿ. ಕಣ್ಣೀರಲ್ಲಿ ಸಕ್ಕರೆ ಅಳೆಯುವ, ಕಣ್ಣೊಳಗೆ ಹಾಕುವ ಲೆನ್ಸ್ ಮಾಡುತ್ತೇವೆಂದು ಗೂಗಲ್ ಕೂಡ 2014ರಲ್ಲಿ ಸಾರಿತು, 2018ರಲ್ಲಿ ಆ ಕೆಲಸವೇ ನಿಂತಿತು. ಚುಚ್ಚದೆ ಶುಗರ್ ಅಳೆಯುವ ವಾಚು, ಉಂಗುರ ಬಳಸಬೇಡಿ ಎಂದು ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಸಂಸ್ಥೆ ಎಫ್‌ಡಿಎ 2024ರಲ್ಲಿ ಎಚ್ಚರಿಸಿದೆ. ಇನ್ಸುಲಿನ್ ತಗೊಳ್ಳುವವರು ಇಂಥ ವಾಚಿನ ಅಂಕಿ ನೋಡಿ ಡೋಸ್ ಬದಲಿಸಿದರೆ ಜೀವಕ್ಕೇ ಕುತ್ತು.