ಖಾಲಿ ನಾನ್‌ಸ್ಟಿಕ್ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಬಿಟ್ಟು ಹೋಗಬೇಡಿ

ಎಡವಟ್ಟು ಸಾಮಾನ್ಯವಾಗಿ ಆಗುವುದು ಹೀಗೆ. ತೆಳ್ಳನೆಯ ನಾನ್‌ಸ್ಟಿಕ್ ಬಾಣಲೆ, ಬಿಸಿಯಾಗಲಿ ಅಂತ ಎಣ್ಣೆ ಕೂಡ ಹಾಕದೆ ದೊಡ್ಡ ಬರ್ನರ್ ಮೇಲೆ ಇಟ್ಟಿರುತ್ತಾರೆ. ಅಷ್ಟರಲ್ಲಿ ಫೋನ್ ಬರುತ್ತದೆ. ಮಾತು ಮುಗಿಸಿ ಬರುವ ಹೊತ್ತಿಗೆ ಬಾಣಲೆಯ ನಡುವೆ ಬಣ್ಣ ಮಾಸಿದ ಒಂದು ವೃತ್ತ, ಸುಟ್ಟ ಪ್ಲಾಸ್ಟಿಕ್‌ನಂಥ ಸಣ್ಣ ವಾಸನೆ. ಕೆಲವೊಮ್ಮೆ ಅದೂ ಇರುವುದಿಲ್ಲ. ಒಲೆ ಆರಿಸಿ, ಬಾಣಲೆ ತೊಳೆದು ಅಡುಗೆ ಮುಂದುವರಿಸುತ್ತಾರೆ. ರಾತ್ರಿಯಾಗುತ್ತಿದ್ದಂತೆ ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿದ್ದವರಿಗೆಲ್ಲ ಚಳಿಜ್ವರ, ಮೈಕೈ ನೋವು, ಎದೆ ಬಿಗಿತ, ಒಣಕೆಮ್ಮು. ಫ್ಲೂ ಇರಬೇಕು ಅಂದುಕೊಂಡು ಮಾತ್ರೆ ನುಂಗಿ ಮಲಗುತ್ತಾರೆ. ಒಂದೆರಡು ದಿನದಲ್ಲಿ ವಾಸಿಯೂ ಆಗುವುದರಿಂದ ಬಾಣಲೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಮನೆಯಲ್ಲಿ ಪಂಜರದ ಹಕ್ಕಿ ಇದ್ದರೆ ಕಥೆ ಬೇರೆ. ಅದು ಆಗಲೇ ಸತ್ತು ಬಿದ್ದಿರುತ್ತದೆ.

ಈ ಕಾಯಿಲೆಗೆ ಪಾಲಿಮರ್ ಫ್ಯೂಮ್ ಫೀವರ್ ಎಂಬ ಹೆಸರೇ ಇದೆ. ನಾನ್‌ಸ್ಟಿಕ್ ಲೇಪನ ಅಂದರೆ ಬಹುಪಾಲು ಪಿಟಿಎಫ್ಇ, 1938ರಲ್ಲಿ ಡ್ಯೂಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಕೊಂಡ ವಸ್ತು. 260 ಡಿಗ್ರಿ ಸೆಲ್ಸಿಯಸ್‌ವರೆಗೆ ಅದು ಯಾರ ತಂಟೆಗೂ ಬರುವುದಿಲ್ಲ. ಅದರಾಚೆ ನಿಧಾನವಾಗಿ ಕೆಡಲು ಶುರು. 327ಕ್ಕೆ ಕರಗುತ್ತದೆ, 350 ದಾಟಿದ ಮೇಲೆ ಜೋರಾಗಿಯೇ ಒಡೆದು ಅತಿಸೂಕ್ಷ್ಮ ಕಣಗಳನ್ನೂ ಫ್ಲೋರಿನ್ ಇರುವ ಅನಿಲಗಳನ್ನೂ ಬಿಡುತ್ತದೆ. ಉಸಿರಿನ ಜೊತೆ ಒಳಗೆ ಹೋದ ಇವು ಕೆಲವು ಗಂಟೆ ಕಳೆದ ಮೇಲೆ ಜ್ವರ ತರಿಸುತ್ತವೆ. ಹಕ್ಕಿಗಳ ಶ್ವಾಸಕೋಶ ಗಾಳಿಯಿಂದ ಆಮ್ಲಜನಕ ಹೀರುವುದರಲ್ಲಿ ನಮ್ಮದಕ್ಕಿಂತ ಎಷ್ಟೋ ಚುರುಕು. ವಿಷವನ್ನೂ ಅಷ್ಟೇ ಚುರುಕಾಗಿ ಹೀರುತ್ತದೆ.

ಅಡುಗೆ ನಡೆಯುತ್ತಿರುವಾಗ ಈ ಬಿಸಿ ಬರುವುದು ಕಷ್ಟ. ಪದಾರ್ಥದಲ್ಲಿರುವ ನೀರು ಬಾಣಲೆಯನ್ನು ತಣ್ಣಗಿಡುತ್ತದೆ. ಆದರೆ ಖಾಲಿ ಇರುವ ತೆಳು ಅಲ್ಯೂಮಿನಿಯಂ ಬಾಣಲೆ ದೊಡ್ಡ ಉರಿಯಲ್ಲಿ ಕೆಲವೇ ನಿಮಿಷಕ್ಕೆ 260 ದಾಟಿಬಿಡುತ್ತದೆ. ಇಂಡಕ್ಷನ್‌ನ ಬೂಸ್ಟ್ ಮೋಡ್‌ನಲ್ಲಿ ಇನ್ನೂ ಬೇಗ, ಮೇಲಾಗಿ ಗಾಜಿನ ಕೆಳಗಿರುವ ಸೆನ್ಸರ್‌ಗೆ ಬಿಸಿ ಗೊತ್ತಾಗುವುದೇ ತಡವಾಗಿ.

ಇಷ್ಟು ಗೊತ್ತಿದ್ದರೆ ಡಬ್ಬದ ಮೇಲಿನ ದೊಡ್ಡ ಅಕ್ಷರಗಳಿಗೆ ಮರುಳಾಗುವುದಿಲ್ಲ. ‘ಪಿಎಫ್ಒಎ ಇಲ್ಲ’ ಎಂಬುದು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಮಾತು. ಪಿಎಫ್ಒಎ ಅನ್ನುವುದು ಲೇಪನವನ್ನು ತಯಾರಿಸುವಾಗ ಬಳಸುತ್ತಿದ್ದ ರಾಸಾಯನಿಕ. ಅದು ಕೆಟ್ಟದ್ದು, ಅನುಮಾನವಿಲ್ಲ. 2023ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಆದರೆ ಅಮೆರಿಕದ ದೊಡ್ಡ ತಯಾರಕರು 2015ರ ಹೊತ್ತಿಗೇ ಅದನ್ನು ಕೈಬಿಟ್ಟಿದ್ದರು, 2019ರಲ್ಲಿ ಹಾನಿಕರ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೂ ಅದು ಸೇರಿತು. ಈಗ ಅದನ್ನು ಹೆಗ್ಗಳಿಕೆಯಾಗಿ ಬರೆಯುವುದು ನೀರಿನ ಬಾಟಲಿಯ ಮೇಲೆ ‘ಕೊಬ್ಬು ಇಲ್ಲ’ ಅಂತ ಬರೆದ ಹಾಗೆ. ಒಳಗಿರುವ ಪಿಟಿಎಫ್ಇ ಕೂಡ ಪಿಎಫ್ಎಎಸ್ (ಸುಲಭವಾಗಿ ನಾಶವಾಗದ ಫ್ಲೋರಿನ್ ರಾಸಾಯನಿಕಗಳು) ಕುಟುಂಬದ್ದೇ, ಕಾದರೆ ಹೊಗೆ ಬಿಡುವುದು ಅದೇ. ಅಮೆರಿಕದ ಮಿನೆಸೋಟ ರಾಜ್ಯ 2025ರ ಜನವರಿಯಿಂದ ಪಿಎಫ್ಎಎಸ್ ಬೆರೆಸಿದ ಪಾತ್ರೆಗಳ ಮಾರಾಟವನ್ನೇ ನಿಲ್ಲಿಸಿದೆ.

‘ಗ್ರಾನೈಟ್’, ‘ಮಾರ್ಬಲ್’, ‘ಸ್ಟೋನ್’ ಅನ್ನುವವು ಹೆಚ್ಚಾಗಿ ಚುಕ್ಕೆ ಬಳಿದ ಪಿಟಿಎಫ್ಇ. ‘ಟೈಟಾನಿಯಂ’, ‘ಡೈಮಂಡ್’ ಅಂದರೆ ಲೇಪನ ಗಟ್ಟಿಯಾಗಲಿ ಅಂತ ಬೆರೆಸಿದ ಪುಡಿ. ಹಾರ್ಡ್ ಅನೊಡೈಸ್ಡ್ ಎಂಬುದು ಕೆಳಗಿನ ಅಲ್ಯೂಮಿನಿಯಂಗೆ ಮಾಡಿದ ಸಂಸ್ಕರಣೆ, ಒಳಮೈಗೆ ಅದರ ಮೇಲೂ ಪಿಟಿಎಫ್ಇ ಬಳಿದಿರಬಹುದು. ಅಂಗಡಿಯಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ: ಇದರಲ್ಲಿ ಪಿಟಿಎಫ್ಇ ಇದೆಯೋ ಇಲ್ಲವೋ? ‘ಪಿಎಫ್ಒಎ ಇಲ್ಲ ಸಾರ್’ ಅಂತ ಉತ್ತರ ಬಂದರೆ, ಇದೆ ಎಂದೇ ತಿಳಿಯಿರಿ.

ಸೆರಾಮಿಕ್ ಲೇಪನದಲ್ಲಿ ಪಿಟಿಎಫ್ಇ ಇಲ್ಲ, ಸಿಲಿಕಾ ಆಧಾರಿತ ಪದರ ಅದು. ಮರೆತು ಕಾಯಿಸಿದರೂ ಈ ಜಾತಿಯ ಹೊಗೆ ಬರುವುದಿಲ್ಲ. ಹಕ್ಕಿ ಸಾಕಿದವರಿಗೆ ಅಷ್ಟೇ ಸಾಕು. ಆದರೆ ಜಾರುವ ಗುಣ ಬೇಗ ಹೋಗುತ್ತದೆ, ಆಮೇಲೆ ಮೊಟ್ಟೆ ಬಿಡದೆ ಹಿಡಿದುಕೊಳ್ಳುತ್ತದೆ.

ಕೊಳ್ಳುವಾಗ ಮೊದಲು ತೂಕ ನೋಡಿ. 24 ಸೆಂಟಿಮೀಟರ್ ಬಾಣಲೆ ಹಿಡಿಕೆ ಸೇರಿ ಅರ್ಧ ಕಿಲೋ ಕೂಡ ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ. ತಳ ಕನಿಷ್ಠ 3 ಮಿಲಿಮೀಟರ್ ಇರಬೇಕು, 4 ಇದ್ದರೆ ಒಳ್ಳೆಯದು. ತೆಳು ತಳದಲ್ಲಿ ಉರಿ ತಾಗಿದ ಜಾಗವಷ್ಟೇ ಕಾದು ಲೇಪನ ಅಲ್ಲಿಂದಲೇ ಸಾಯುತ್ತದೆ. ಬೋರಲು ಹಾಕಿ ತಳದ ಮೇಲೆ ಸ್ಕೇಲ್ ಇಟ್ಟು ನೋಡಿ. ನಡುವೆ ಹೊರಕ್ಕೆ ಉಬ್ಬಿದ್ದರೆ ಗಾಜಿನ ಒಲೆಯ ಮೇಲೆ ಗಿರಗಿರನೆ ತಿರುಗುತ್ತದೆ. ಇಂಡಕ್ಷನ್‌ಗೆ ಕೊಳ್ಳುವವರು ತಳದ ಸ್ಟೀಲ್ ಬಿಲ್ಲೆ ಎಷ್ಟು ಅಗಲ ಇದೆ ಅಂತ ಗಮನಿಸಿ. ಅಂಚಿನಿಂದ ತುಂಬ ಒಳಗೇ ನಿಂತಿದ್ದರೆ ನಡುಭಾಗ ಸುಡುತ್ತದೆ, ಅಂಚು ತಣ್ಣಗೇ ಉಳಿಯುತ್ತದೆ. ಕೊನೆಗೆ ಬಾಣಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಒಳಮೈ ನೋಡಿ. ಸೂಜಿಮೊನೆಯಷ್ಟು ರಂಧ್ರ, ಉಬ್ಬಿದ ಧೂಳಿನ ಕಣ, ರಿವೆಟ್ ಸುತ್ತ ತೆಳುವಾದ ಪದರ ಕಂಡರೆ ಬೇಡ. ಸಿಪ್ಪೆ ಏಳುವುದು ಇಂಥ ಕಡೆಯಿಂದಲೇ.

ಮನೆಗೆ ತಂದ ಮೇಲೆ, ಒಲೆ ಹಚ್ಚುವ ಮುಂಚೆಯೇ ಒಂದು ಚಮಚ ಎಣ್ಣೆ ಇಲ್ಲವೇ ಬೆಣ್ಣೆ ಬಾಣಲೆಯಲ್ಲಿರಲಿ. ಉರಿ ಮಧ್ಯಮಕ್ಕಿಂತ ಮೇಲೆ ಹೋಗುವುದು ಬೇಡ. ಬೆಣ್ಣೆ ಒಳ್ಳೆಯ ಥರ್ಮಾಮೀಟರ್: ನೊರೆ ಇಳಿದು ಕಂದು ಬಣ್ಣಕ್ಕೆ ತಿರುಗಿತು ಅಂದರೆ ಸುಮಾರು 150 ಡಿಗ್ರಿ, ಹೆಚ್ಚಿನ ಅಡುಗೆಗೆ ಇಷ್ಟು ಸಾಕು. ರಿಫೈನ್ಡ್ ಎಣ್ಣೆ ಹೊಗೆಯಾಡಿತು ಅಂದರೆ ಸುಮಾರು 220–230 ಆಗಿದೆ, ಮಿತಿ ಮುಟ್ಟಲು ಮೂವತ್ತು ನಲವತ್ತು ಡಿಗ್ರಿ ಅಷ್ಟೇ ಬಾಕಿ. ನೀರಿನ ಹನಿ ಹಾಕಿ ನೋಡುವ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ, ನಾನ್‌ಸ್ಟಿಕ್ ಮೇಲೆ ನೀರು ತಣ್ಣಗಿದ್ದಾಗಲೂ ಮುತ್ತಿನಂತೆ ಉರುಳುತ್ತದೆ. ಸ್ಪ್ರೇ ಎಣ್ಣೆ ಬೇಡವೇ ಬೇಡ. ಅದರಲ್ಲಿರುವ ಲೆಸಿಥಿನ್ ಬಿಸಿಗೆ ಅಂಟಾಗಿ ಗಟ್ಟಿಕಟ್ಟುತ್ತದೆ, ತೆಗೆಯಲು ಉಜ್ಜಿದರೆ ಲೇಪನವೂ ಹೋಗುತ್ತದೆ. ಬಿಸಿ ಬಾಣಲೆಯನ್ನು ನಲ್ಲಿಯ ಕೆಳಗೆ ಹಿಡಿಯುವ ಅಭ್ಯಾಸ ಬಿಡಿ. ಲೋಹ ಒಮ್ಮೆಲೇ ಕುಗ್ಗಿ ತಳ ಸೊಟ್ಟಗಾಗುತ್ತದೆ. ಒಂದರೊಳಗೊಂದು ಪೇರಿಸುವುದಿದ್ದರೆ ನಡುವೆ ಬಟ್ಟೆ ಹಾಕಿ. ಸೌಟು ಮರದ್ದೋ ಸಿಲಿಕೋನಿನದ್ದೋ ಇರಲಿ.

ಸಿಪ್ಪೆಯ ಚೂರು ಹೊಟ್ಟೆಗೆ ಹೋದರೆ ಏನು ಗತಿ ಅಂತ ಹೆಚ್ಚಿನವರು ಹೆದರುತ್ತಾರೆ. ಪಿಟಿಎಫ್ಇ ಚೂರು ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತದೆ. ಜನ ಚೂರಿಗೆ ಹೆದರುತ್ತಾರೆ, ಹೊಗೆಗೆ ಹೆದರುವುದಿಲ್ಲ. ನಿಜವಾಗಿ ಉಲ್ಟಾ ಇರಬೇಕಿತ್ತು. ಹಾಗಂತ ಸಿಪ್ಪೆ ಎದ್ದದ್ದನ್ನು ಇಟ್ಟುಕೊಳ್ಳಬೇಡಿ. ತೆರೆದುಕೊಂಡ ಅಲ್ಯೂಮಿನಿಯಂ ಟೊಮೆಟೊದಂಥ ಹುಳಿಗೆ ಕರಗುತ್ತದೆ.

ಬಾಣಲೆ ಅತಿಯಾಗಿ ಕಾದದ್ದು ಗೊತ್ತಾದರೆ ಒಲೆ ಆರಿಸಿ, ಬಾಣಲೆಯನ್ನು ಇದ್ದಲ್ಲೇ ಬಿಡಿ. ನೀರು ಸುರಿಯಬೇಡಿ, ಹೊತ್ತುಕೊಂಡು ಮನೆಯೊಳಗೆ ಓಡಾಡಬೇಡಿ. ಕಿಟಕಿ ತೆರೆದು, ಎಕ್ಸಾಸ್ಟ್ ಫ್ಯಾನ್ ಹಾಕಿ, ಮಕ್ಕಳನ್ನೂ ಪಂಜರವನ್ನೂ ಹೊರಗೆ ಒಯ್ದು ಎಲ್ಲರೂ ಹೊರಗಿರಿ. ಆಮೇಲೆ ಚಳಿ, ಕೆಮ್ಮು ಬಂದರೆ ವೈದ್ಯರಿಗೆ ಬಾಣಲೆಯ ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಅವರಿಗೂ ಅದು ಫ್ಲೂ ಥರವೇ ಕಾಣುತ್ತದೆ. ಉಸಿರಾಡಲು ಕಷ್ಟವಾದರೆ, ಅಥವಾ ಆಸ್ತಮಾ ಇದ್ದವರಾದರೆ, ಬೆಳಗಾಗಲಿ ಅಂತ ಕಾಯಬೇಡಿ.

ಜೋರು ಉರಿಯ ಕೆಲಸಕ್ಕೆಲ್ಲ ಎರಕದ ಕಬ್ಬಿಣ, ಕಾರ್ಬನ್ ಸ್ಟೀಲ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಬಳಸಿ. ನಾನ್‌ಸ್ಟಿಕ್ ಒಂದೇ ಒಂದು ಚಿಕ್ಕದು, ಮೊಟ್ಟೆಗೆ ಮಾತ್ರ ಇರಲಿ. ಓವನ್ನಿನ ಗ್ರಿಲ್ ಕಾಯಿಲ್ ಕೆಳಗೆ ಅದನ್ನು ಇಡಬೇಡಿ, ಅಲ್ಲಿ 260 ಸಲೀಸಾಗಿ ದಾಟುತ್ತದೆ. ಹಳೆಯದರ ಲೇಪನವನ್ನು ಬೆಂಕಿಯಲ್ಲಿ ಸುಟ್ಟು ಅಥವಾ ಗ್ರೈಂಡರ್ ಹಚ್ಚಿ ಕಿತ್ತು ಬರೀ ಅಲ್ಯೂಮಿನಿಯಂ ಬಾಣಲೆ ಮಾಡಿಕೊಳ್ಳುವವರೂ ಇದ್ದಾರೆ. ಸುಟ್ಟರೆ ಬರುವುದು ಅದೇ ಹೊಗೆ, ಗ್ರೈಂಡರಿನಲ್ಲಿ ಅದೇ ಲೇಪನದ ಧೂಳು. ಹಾಗೆಯೇ ಗುಜರಿಗೆ ಕೊಡಿ.