ಡಿಶ್ ರೀಚಾರ್ಜೋ, ಯೂಟ್ಯೂಬೋ: ಮಲೆನಾಡಿನ ಒಂದು ಮನೆಯ ಹೋಲಿಕೆ

ಡಿಶ್ ಸಂಪರ್ಕವನ್ನೂ ಟಿವಿಯ ಪರದೆಯ ಮೇಲೆಯೇ ನೋಡುವ ಯೂಟ್ಯೂಬನ್ನೂ ಒಂದು ಮಳೆಗಾಲ ಪೂರ್ತಿ ಜೊತೆಯಲ್ಲಿ ಇಟ್ಟುಕೊಂಡು ನೋಡಿದ ಮೇಲೆ ನಮ್ಮ ಮನೆಯಲ್ಲಿ ಡಿಶ್ ರೀಚಾರ್ಜ್ ನಿಂತಿದೆ. ಹೊಸ ಸ್ಮಾರ್ಟ್ ಟಿವಿಗೆ ಕೊಟ್ಟ ಹಣ ದಂಡವಾಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ಹೋಲಿಕೆಯಲ್ಲಿ ನನ್ನ ಒಲವು ಯಾವ ಕಡೆಗೆ ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಪರದೆಯ ಅಳತೆ, ಚಿತ್ರದ ಸ್ಪಷ್ಟತೆ ಮುಂತಾದವನ್ನು ಅಂಗಡಿಯವರೇ ಬಣ್ಣಿಸುವುದರಿಂದ ಅವುಗಳ ಗೊಡವೆಗೆ ನಾನು ಹೋಗುವುದಿಲ್ಲ.

ನನ್ನ ಮಟ್ಟಿಗೆ ಈ ವಿಷಯವನ್ನು ತೀರ್ಮಾನಿಸಿದ್ದು ಯಕ್ಷಗಾನ ಮತ್ತು ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ಕಥೆ ನಡೆಸುವ ಅದರ ರೂಪವಾದ ತಾಳಮದ್ದಳೆ. ಯಕ್ಷಗಾನದ ತಂಡಗಳಾದ ಮೇಳಗಳ ತಿರುಗಾಟ ಮಳೆ ಹಿಡಿಯುವ ಮೊದಲೇ ಮುಗಿಯುವುದರಿಂದ ಜೂನ್ ಬಂತೆಂದರೆ ನಮ್ಮ ಕಡೆ ಬಯಲಾಟಗಳಿಲ್ಲ. ಆಗ ಆಟದ ಹುಚ್ಚಿನವರಿಗೆ ಉಳಿಯುವುದು ತಾಳಮದ್ದಳೆ, ಇಲ್ಲವೇ ಟಿವಿ. ಚಾನೆಲ್‌ಗಳಲ್ಲಿ ಯಕ್ಷಗಾನ ಬರುವುದೇ ಇಲ್ಲವೆಂದಲ್ಲ, ಬಂದರೂ ಅರ್ಧ ಗಂಟೆಯ ಚೌಕಟ್ಟಿನಲ್ಲಿ ಬರುತ್ತದೆ. ಪಾತ್ರದ ಮಾತು ಆಡುವ ಒಳ್ಳೆಯ ಅರ್ಥಧಾರಿಯೊಬ್ಬರು, ಹಾಡುವ ಭಾಗವತರ ಒಂದೇ ಪದ್ಯಕ್ಕೆ ಅರ್ಧ ಗಂಟೆ ಮಾತು ಬೆಳೆಸಬಲ್ಲರು. ಎದುರಿನವರು ಅದರ ಒಂದೊಂದು ಎಳೆಯನ್ನೂ ಬಿಚ್ಚಿ ಉತ್ತರ ಕೊಡಲು ಮತ್ತೆ ಅಷ್ಟೇ ಹೊತ್ತು ಬೇಕು. ಅದನ್ನು ಕತ್ತರಿಸಿ ತೋರಿಸಿದರೆ ಉಳಿಯುವುದು ಕಥೆ ಮಾತ್ರ, ಆ ಕಥೆ ನೋಡುವವರಿಗೆಲ್ಲ ಮೊದಲೇ ಗೊತ್ತಿರುತ್ತದೆ.

2005ರಲ್ಲಿ ಯೂಟ್ಯೂಬಿಗೆ ಏರಿಸಿದ ಮೊದಲ ವಿಡಿಯೊದ ಅವಧಿ 19 ಸೆಕೆಂಡು. ಈಗ ಅದೇ ಜಾಗದಲ್ಲಿ ಆರಂಭದ ಚೌಕಿಪೂಜೆಯಿಂದ ಕೊನೆಯ ಮಂಗಳದವರೆಗಿನ ಇಡೀ ರಾತ್ರಿಯ ಆಟ ಸಿಗುತ್ತದೆ, ಕೆಲವೊಮ್ಮೆ ನೇರವಾಗಿಯೇ ಬರುತ್ತದೆ. ಇದನ್ನು ಮಾಡುತ್ತಿರುವವರು ದೊಡ್ಡ ಸಂಸ್ಥೆಗಳಲ್ಲ. ಮದುವೆ ಮುಂಜಿಗಳ ವಿಡಿಯೊ ತೆಗೆಯುತ್ತಿದ್ದವರೇ ಎರಡು ಮೂರು ಕ್ಯಾಮೆರಾ ಇಟ್ಟು ಮಾಡುತ್ತಿದ್ದಾರೆ. ಚಾನೆಲ್‌ನವರಿಗೆ ಇದು ಆಗದಿರುವುದಕ್ಕೆ ಕಾರಣ ಅಸಡ್ಡೆಯಲ್ಲ, ಲೆಕ್ಕಾಚಾರ: ಟಿಆರ್‌ಪಿ ನೋಡಿ ಪ್ರತಿ ಅರ್ಧ ಗಂಟೆಯನ್ನೂ ಜಾಹೀರಾತಿಗೆ ಮಾರಬೇಕಾದವರು ಕರಾವಳಿ ಮತ್ತು ಮಲೆನಾಡಿನ ಕೆಲವೇ ಜಿಲ್ಲೆಗಳ ಪ್ರೇಕ್ಷಕರಿಗಾಗಿ ಒಂದು ರಾತ್ರಿಯನ್ನು ಬಿಟ್ಟುಕೊಡಲಾರರು. ಊರಿನವರ ಜೊತೆಗೆ ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿ ಇರುವವರೂ ತಮಗೆ ಬಿಡುವಾದಾಗ ನೋಡಬಹುದಾದ ಕಡೆ ಮಾತ್ರ ಈ ಲೆಕ್ಕ ಕೂಡಿಬರುತ್ತದೆ. ಟಿವಿಯ ಮುಂದಿನ ದಿನಗಳ ಬಗ್ಗೆ ಯೋಚಿಸುವಾಗ ನನಗೆ ಮುಖ್ಯವಾಗಿ ಕಾಣುವುದು ಇದೇ.

ಹಣದ ಮಾತು ಬೇಗ ಮುಗಿಯುತ್ತದೆ. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರಪದ್ಧತಿ ಜಾರಿಗೆ ಬಂದಾಗ ಮೊದಲ 100 ಚಾನೆಲ್‌ಗಳ ಸಂಪರ್ಕಕ್ಕೇ ತೆರಿಗೆ ಬಿಟ್ಟು 130 ರೂಪಾಯಿಯ ಮಿತಿ ಇತ್ತು, ಪೇ ಚಾನೆಲ್‌ಗಳ ದರ ಅದರ ಮೇಲೆ. ನಮ್ಮ ಮನೆಯಲ್ಲಿ ನೋಡುತ್ತಿದ್ದುದು ಬೆರಳೆಣಿಕೆಯ ಚಾನೆಲ್‌ಗಳನ್ನು. ಮಗನ ಓದಿಗೂ ನನ್ನ ಕೆಲಸಕ್ಕೂ ಫೈಬರ್ ಇಂಟರ್‌ನೆಟ್ ಹೇಗೂ ಇರುವುದರಿಂದ ಯೂಟ್ಯೂಬಿಗೆಂದು ಬೇರೆ ಖರ್ಚು ಬೀಳಲಿಲ್ಲ. ಟಿವಿಗಾಗಿಯೇ ಇಂಟರ್‌ನೆಟ್ ಹಾಕಿಸಬೇಕಾದವರಿಗೆ ಈ ಮಾತು ಅನ್ವಯಿಸುವುದಿಲ್ಲ.

ನಿಜವಾದ ಕಿರಿಕಿರಿ ಇರುವುದು ಬೇಕಾದದ್ದನ್ನು ಹುಡುಕುವುದರಲ್ಲಿ. ಡಿಶ್ ರಿಮೋಟಿನಲ್ಲಿ ಅಮ್ಮ ಕನ್ನಡಕವಿಲ್ಲದೆಯೇ ಮೂರು ಅಂಕಿ ಒತ್ತಿ ಚಂದನಕ್ಕೆ ಹೋಗುತ್ತಿದ್ದರು. ಹೊಸ ಟಿವಿಯಲ್ಲಿ ಬಾಣದ ಗುಂಡಿಯನ್ನು ಅತ್ತಿತ್ತ ಒತ್ತುತ್ತಾ ಒಂದೊಂದೇ ಇಂಗ್ಲಿಷ್ ಅಕ್ಷರವನ್ನು ಆರಿಸಬೇಕು. ರಿಮೋಟಿನಲ್ಲಿ ಮೈಕ್ ಇದೆ, ನಿಜ. ಆದರೆ ಅಮ್ಮ ಸ್ಪಷ್ಟವಾಗಿ ‘ತಾಳಮದ್ದಳೆ’ ಎಂದರೂ ಈ ಟಿವಿಗೆ ಕೇಳಿಸುವುದು ಬೇರೆಯೇ ಏನೋ, ಪರದೆಯ ಮೇಲೆ ಬಂದು ನಿಲ್ಲುವುದು ಯಾವುದೋ ಭಾಷೆಯ ಸಿನಿಮಾ ಹಾಡು. ಕಂಪನಿಯ ಹೆಸರು ಬೇಡ, ಕೊಳ್ಳುವ ಮೊದಲು ಅಂಗಡಿಯಲ್ಲೇ ರಿಮೋಟಿಗೆ ನಾಲ್ಕು ಕನ್ನಡ ಮಾತು ಹೇಳಿ ನೋಡಿದರೆ ಒಳ್ಳೆಯದು.

ಇದರ ಮೇಲೆ ಮನೆಮಂದಿಗೆಲ್ಲ ಒಂದೇ ಖಾತೆ ಇದ್ದುದು ಇನ್ನೊಂದು ತೊಡಕಾಯಿತು. ಮಗನ ಗೇಮ್ ವಿಡಿಯೊಗಳು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಕಲಸುವುದನ್ನು ನಾನು ನೋಡಿದ ವಿಡಿಯೊಗಳು, ಇವೆಲ್ಲ ಮೊದಲ ಪುಟವನ್ನು ತುಂಬಿಕೊಳ್ಳುತ್ತಿದ್ದವು. “ನಿನ್ನೆ ಅರ್ಧಕ್ಕೆ ಬಿಟ್ಟ ಸಂಧಾನ ಎಲ್ಲಿ ಹೋಯಿತು, ಹುಡುಕಿ ಕೊಡು ಮಾರಾಯ” ಎಂದು ತಾಳಮದ್ದಳೆಯ ಪ್ರಸಂಗ ಹುಡುಕುವ ಅಮ್ಮನ ಮಾತು ದಿನಾ ಸಂಜೆ ಕೇಳಿಬರುತ್ತಿತ್ತು. ಅಮ್ಮನ ಹೆಸರಿನಲ್ಲಿ ಬೇರೆ ಖಾತೆ ತೆರೆದು, ಯಕ್ಷಗಾನದ ಕೆಲವು ಚಾನೆಲ್‌ಗಳನ್ನು ಅದರಲ್ಲಿ ಸಬ್‌ಸ್ಕ್ರೈಬ್ ಮಾಡಿಕೊಟ್ಟ ಮೇಲೆ ಮುಕ್ಕಾಲು ಪಾಲು ಸರಿಹೋಯಿತು. ಆದರೂ ಟಿವಿ ಹಾಕಿದಾಗ ಯಾರ ಖಾತೆ ಎಂದು ಆರಿಸಿಕೊಡಲು ಒಬ್ಬರು ಹತ್ತಿರವಿರಬೇಕು. ಏನನ್ನೂ ಆರಿಸದೆ ಸುಮ್ಮನೆ ಕುಳಿತು ನೋಡುವ ಸುಖವನ್ನು ಹಳೆಯ ಟಿವಿ ಕೊಡುತ್ತಿತ್ತು. ಚಾನೆಲ್‌ಗಳ ಉಳಿದ ಬಲ ಅಲ್ಲಿದೆ ಎಂದು ನನಗನಿಸುತ್ತದೆ.

ಜಡಿಮಳೆಗೆ ಡಿಶ್ ಕೈಕೊಡುತ್ತದೆ, ಮರ ಬಿದ್ದರೆ ಫೈಬರ್ ಕೈಕೊಡುತ್ತದೆ. ಇದರಲ್ಲಿ ಇಬ್ಬರೂ ಸಮ. ಕ್ರಿಕೆಟ್ಟಿನಲ್ಲಿ ಡಿಶ್ಶೇ ಮುಂದು, ಏಕೆಂದರೆ ಇಂಟರ್‌ನೆಟ್ಟಿನ ನೇರಪ್ರಸಾರ ಹಿಂದೆ ಬೀಳುವುದರಿಂದ ಪಕ್ಕದ ಮನೆಯ ಕೂಗು ನಮ್ಮ ಚೆಂಡಿಗಿಂತ ಮೊದಲು ಬರುತ್ತದೆ.

ಧಾರಾವಾಹಿಗಳ ವಿಷಯದಲ್ಲಿ ಮಾತ್ರ ಯೂಟ್ಯೂಬನ್ನು ನೆಚ್ಚಿಕೊಳ್ಳಬಾರದು. ಝೀ ಕನ್ನಡದ ಪೂರ್ತಿ ಕಂತುಗಳಿಗೆ ಝೀ5, ಕಲರ್ಸ್ ಕನ್ನಡದವಕ್ಕೆ ಜಿಯೋಹಾಟ್‌ಸ್ಟಾರ್ ಬೇಕು. ಯೂಟ್ಯೂಬಿನಲ್ಲಿ ಹೆಚ್ಚಾಗಿ ಕಾಣುವುದು ಪ್ರೋಮೊ ಮತ್ತು ತುಣುಕುಗಳು. ಸಂಜೆ ದೀಪ ಹಚ್ಚಿದ ಮೇಲೆ ಊಟದ ಹೊತ್ತಿನವರೆಗೆ ಒಂದರ ಹಿಂದೊಂದು ಧಾರಾವಾಹಿ ನೋಡುವ ನಮ್ಮ ಅತ್ತಿಗೆ ಡಿಶ್ ಬಿಟ್ಟಿಲ್ಲ, ಬಿಡು ಎಂದು ನಾನೂ ಹೇಳುವುದಿಲ್ಲ. ಸುದ್ದಿಗಾಗಿ ಮಾತ್ರ ರೀಚಾರ್ಜ್ ಮಾಡಿಸುತ್ತಿರುವವರು, ಕನ್ನಡದ ಸುದ್ದಿವಾಹಿನಿಗಳು ಯೂಟ್ಯೂಬಿನಲ್ಲೂ ನೇರವಾಗಿ ಬರುವುದರಿಂದ, ಮುಂದಿನ ತಿಂಗಳೇ ನಿಲ್ಲಿಸಬಹುದು. ಮನೆಯಲ್ಲಿ ಇಂಟರ್‌ನೆಟ್ಟೇ ಇಲ್ಲದವರು ತಿಂಗಳ ಬಾಡಿಗೆಯಿಲ್ಲದ ದೂರದರ್ಶನದ ಫ್ರೀ ಡಿಶ್ ಹಾಕಿಸಿಕೊಳ್ಳುವುದೇ ಮೇಲು. ಡಿಶ್ಶಿನ ಬುಟ್ಟಿಗೂ ಬಾಕ್ಸಿಗೂ ಒಮ್ಮೆ ಹಣ ಕೊಟ್ಟರೆ ಮುಗಿಯಿತು.